ಎಡಸೊಂಟದ ಗೇಜು

ವಿಶಾಖಪಟ್ಟಣದ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಪಕ್ಕ, ಒಂದು ಮೊಳೆ ಇದೆ. ಹಿಂದೆ ಇದ್ದವರು ಅದಕ್ಕೆ ಏನು ತೂಗುಹಾಕುತ್ತಿದ್ದರೋ ತಿಳಿಯದು. ನಾನು ತೂಗುಹಾಕಿರುವುದು ಒಂದು ಕಪ್ಪು ರಬ್ಬರ್ ಕೊಳವೆ. ಅದರ ತುದಿಗೆ ಅಂಗೈಯಗಲದ ದುಂಡನೆಯ ಡಬ್ಬಿ, ಡಬ್ಬಿಗೆ ಗಾಜಿನ ಮುಖ, ಗಾಜಿನ ಹಿಂದೆ ಒಂದು ಮುಳ್ಳು. ಎದುರು ಮನೆಯ ಸುಬ್ಬಲಕ್ಷ್ಮಿಯವರು ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಅದನ್ನು ಬಹಳ ಹೊತ್ತು ನೋಡಿ, "ಬಿ.ಪಿ.ನಾ ಅಮ್ಮಾ?" ಎಂದು ಕೇಳಿದರು.

ನಾನು ಹೊಸದುರ್ಗದವಳಾದರೂ ಆಂಧ್ರಕ್ಕೆ ಬಂದು ಅರ್ಧ ಆಯುಷ್ಯವೇ ಆಯಿತು. ತೆಲುಗಿನಲ್ಲಿ ಬ್ಯಾಂಕಿನ ಕೆಲಸ ಮಾಡಿದ್ದೇನೆ, ತೆಲುಗಿನಲ್ಲಿ ಜಗಳ ಆಡಿದ್ದೇನೆ, ತೆಲುಗಿನಲ್ಲಿ ಮದುವೆಯನ್ನೂ ಆಗಿದ್ದೇನೆ. ಆದರೂ, ಐವತ್ತು ದಾಟಿದ, ಗಂಡನನ್ನು ಕಳೆದುಕೊಂಡ ಒಬ್ಬ ಬ್ಯಾಂಕ್ ಅಧಿಕಾರಿಣಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯುವುದನ್ನು ಕಲಿಯುತ್ತಿದ್ದಾಳೆ ಎಂಬುದನ್ನು, ಬೆಳ್ಳಂಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಿರುವವರಿಗೆ ಯಾವ ತೆಲುಗಿನಲ್ಲಿ ಹೇಳುವುದು? "ಅಂಥದ್ದೇ" ಎಂದೆ. ಅಂದು ಮಧ್ಯಾಹ್ನ ಅವರ ಮನೆಯಿಂದ ಉಪ್ಪಿಲ್ಲದ ಪಪ್ಪು ಒಂದು ಬಟ್ಟಲು ಬಂತು. ಬೇಳೆಯನ್ನು ಅವರು ಬಹಳ ಹದವಾಗಿ ಬೇಯಿಸುತ್ತಾರೆ. ಉಪ್ಪು ಬೆರೆಸಿಕೊಂಡು ತಿಂದೆ.

ಅವರು ಕೇಳಿದ್ದು ಪೂರ್ತಿ ತಪ್ಪೂ ಅಲ್ಲ. ಅದು ಪ್ರೆಶರ್ ಗೇಜೇ. ಮುಳುಗುವವರ ಸಿಲಿಂಡರಿನಲ್ಲಿ ಇನ್ನೆಷ್ಟು ಗಾಳಿ ಉಳಿದಿದೆ ಎಂದು ತೋರಿಸುವುದು ಅದರ ಕೆಲಸ. ನೀರಿನ ಕೆಳಗೆ ಉಳಿದದ್ದೆಲ್ಲ ಕೈಕೊಟ್ಟರೂ ಹೇಗೋ ಸುಧಾರಿಸಬಹುದಂತೆ, ಗಾಳಿ ಮುಗಿದದ್ದು ಗೊತ್ತಾಗದೆ ಹೋದರೆ ಮಾತ್ರ ಕಷ್ಟ. ಬಾಲ್ಕನಿಯಲ್ಲಿದ್ದದ್ದು ಕೆಟ್ಟುಹೋದ ಗೇಜು, ಮುಳ್ಳು ಅಲುಗುವುದಿಲ್ಲ. ಅಭ್ಯಾಸಕ್ಕೆ ಇರಲಿ ಎಂದು ಅಪ್ಪಲರಾಜು ಕೊಟ್ಟು ಕಳಿಸಿದ್ದರು.

ಅಪ್ಪಲರಾಜು ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದವರು. ಋಷಿಕೊಂಡದ ಕಡಲತೀರದಲ್ಲಿ ಒಂದು ಚಿಕ್ಕ ಡೈವಿಂಗ್ ಶಾಲೆ ಇಟ್ಟುಕೊಂಡಿದ್ದಾರೆ. ಬೆಳಗಿನ ವಾಕಿಂಗಿಗೆ ಹೋಗುತ್ತಿದ್ದ ನಾನು ಅವರ ಶಿಷ್ಯರು ಕಪ್ಪು ಉಡುಪಿನಲ್ಲಿ ನೀರಿನಿಂದ ಮೇಲೆದ್ದು ಬರುವುದನ್ನು ದಿನವೂ ನೋಡುತ್ತಿದ್ದೆ. ಒಂದು ದಿನ ನಿಂತು, ಕೆಳಗೆ ಹೋದಾಗ ಮಾತಾಡುವುದು ಹೇಗೆ ಎಂದು ಕೇಳಿದೆ. ಮಾತಾಡುವುದಿಲ್ಲ ಅಮ್ಮಾ, ಅಲ್ಲಿ ಎಲ್ಲರೂ ಮೂಗರೇ, ಕೈಸನ್ನೆ ಮಾತ್ರ ಎಂದರು. ನಾನು ಸೇರಿದ್ದು ಆ ಮಾತಿಗೆ. ಮನೆಯಲ್ಲೂ ಮೌನವೇ, ಆದರೆ ಅದು ನನ್ನೊಬ್ಬಳದು. ಎಲ್ಲರಿಗೂ ಸೇರಿದ ಮೌನ ಒಂದಿದ್ದರೆ ಹೋಗಿ ನೋಡಬೇಕೆನ್ನಿಸಿತು.

ಗೇಜನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಮುಳುಗುವವರಲ್ಲಿ ದೊಡ್ಡ ಚರ್ಚೆ. ಅದನ್ನು ಸುಮ್ಮನೆ ತೂಗಾಡಲು ಬಿಡುವವರಿದ್ದಾರೆ. ಅದು ಬಂಡೆಗೆ ಬಡಿಯುತ್ತದೆ, ಮರಳು ಕೆದಕುತ್ತದೆ. ಕೆಲವರು ಕಂಕುಳ ಕೆಳಗಿನ ಪಟ್ಟಿಯೊಳಗೆ ಸಿಕ್ಕಿಸುತ್ತಾರೆ. ಕೆಲವರು ಎದೆಯ ಎಡಕ್ಕೆ, ಜೇಬಿಗೆ ಪೆನ್ನು ಸಿಕ್ಕಿಸಿದ ಹಾಗೆ. ಅಪ್ಪಲರಾಜು ಎಡಸೊಂಟದ ಪಕ್ಷ. ಅಲ್ಲಿ ಪಟ್ಟಿಗೆ ಹೊಲಿದ ಲೋಹದ ಬಳೆಗೆ ಒಂದು ಕೊಂಡಿ ಹಾಕಿ ಗೇಜನ್ನು ನಿಲ್ಲಿಸಬೇಕು, ಬೇಕಾದಾಗ ಕೊಂಡಿ ಬಿಚ್ಚಿ ಮುಂದೆ ತಂದು ನೋಡಬೇಕು, ನೋಡಿದ ಮೇಲೆ ಮತ್ತೆ ಅಲ್ಲಿಗೇ.

"ಗೇಜು ಮೊದಲು ನಿಮ್ಮ ಕೈಗೆ ಗೊತ್ತಿರಬೇಕು ಅಮ್ಮಾ, ಕಣ್ಣಿಗೆ ಆಮೇಲೆ" ಎಂದು ಅವರು ತೆಲುಗಿನಲ್ಲಿ ಹೇಳಿದ್ದರು.

ಕೈಗೆ ಗೊತ್ತುಮಾಡಿಸಲು ನಾನು ಮನೆಯಲ್ಲಿ ಪಟ್ಟ ಪಾಡು ಸಣ್ಣದಲ್ಲ. ಆಫೀಸಿಗೆ ಒಯ್ಯುವ ಬೆನ್ನುಚೀಲದಲ್ಲಿ ನೀರಿನ ಬಾಟಲಿಗಳನ್ನು ತುಂಬಿ ಹೊತ್ತುಕೊಳ್ಳುವುದು, ಸೊಂಟಕ್ಕೆ ಬೆಲ್ಟ್ ಕಟ್ಟಿ ಅದಕ್ಕೆ ಗೇಜು ಸಿಕ್ಕಿಸುವುದು, ಕಣ್ಣು ಮುಚ್ಚಿ ಹಜಾರದಿಂದ ಅಡುಗೆಮನೆಗೆ ನಡೆಯುವುದು, ನಡೆಯುತ್ತಲೇ ಎಡಗೈಯಲ್ಲಿ ಕೊಂಡಿ ಬಿಚ್ಚುವುದು, ಹಾಕುವುದು. ಒಂದು ಭಾನುವಾರ ಹೀಗೆ ನಡೆಯುತ್ತ ಫ್ರಿಜ್ಜಿಗೆ ಡಿಕ್ಕಿ ಹೊಡೆದೆ. "ಸಾರಿ ಅಂಡೀ" ಎಂದು ಬಾಯಿ ತಾನಾಗಿ ಹೇಳಿತು. ಅಷ್ಟು ವಿನಯವಾಗಿ ನಾನು ಬ್ಯಾಂಕಿನಲ್ಲೂ ಯಾರಿಗೂ ಕ್ಷಮೆ ಕೇಳಿದವಳಲ್ಲ. ನಗು ಬಂತು. ಆಮೇಲೆ ಯೋಚಿಸಿದರೆ, ಆ ದಿನ ನಾನು ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ವಸ್ತುಗಳನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು ಎಂಬುದರಲ್ಲಿ ನಮ್ಮ ಮನೆಯ ಹೆಂಗಸರು ಪಂಡಿತರು. ನಮ್ಮ ದೊಡ್ಡಮ್ಮನ ಬೀಗದ ಕೈ ಗೊಂಚಲು ಬಲಸೊಂಟದಲ್ಲಿ, ಎಲೆಯಡಿಕೆಯ ಸಂಚಿ ಎಡಸೊಂಟದಲ್ಲಿ. ಉಗ್ರಾಣದ ಬೀಗದ ಕೈ ಯಾವುದು, ದೇವರ ಪೆಟ್ಟಿಗೆಯದು ಯಾವುದು ಎಂದು ಅವಳು ನೋಡುತ್ತಲೇ ಇರಲಿಲ್ಲ, ಬೆರಳಿಗೆ ಗೊತ್ತಿತ್ತು. ಅವಳೇ ನನಗೆ ಈಜು ಕಲಿಸಿದ್ದು. ನಮ್ಮ ತೋಟದ ಬಾವಿಯಲ್ಲಿ, ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಬಿಗಿದು ಮೆಟ್ಟಿಲಿನ ಮೇಲಿಂದ ತಳ್ಳುತ್ತಿದ್ದಳು. ಬುರುಡೆಯನ್ನು ಎಲ್ಲಿ ಕಟ್ಟಬೇಕೆಂದು ಅವಳಿಗೂ ನಮ್ಮಪ್ಪನಿಗೂ ಸದಾ ವಾದ. ಸೊಂಟಕ್ಕೆ ಕಟ್ಟಿದರೆ ತಲೆ ಕೆಳಗಾಗುತ್ತದೆ ಎಂದು ಅವಳು, ಬೆನ್ನಿಗೆ ಕಟ್ಟಿದರೆ ಮುಖ ನೀರಿಗೆ ಅದುಮುತ್ತದೆ ಎಂದು ಅಪ್ಪ. ಇಬ್ಬರ ಮಾತೂ ನಿಜವೆಂದು ನನಗೆ ಗೊತ್ತಿತ್ತು. ಎರಡು ಥರವೂ ನೀರು ಕುಡಿದವಳು ನಾನೇ ತಾನೆ. ಬಾವಿಯ ನೀರಿಗೆ ಪಾಚಿಯ, ತುಕ್ಕಿನ, ಕೊಡಕ್ಕೆ ಕಟ್ಟಿದ ಸೆಣಬಿನ ಹಗ್ಗದ ರುಚಿ ಇತ್ತು. ಸಮುದ್ರದ ನೀರು ಬಾಯಿಗೆ ಹೋದಾಗೆಲ್ಲ ಇದಕ್ಕೆ ಬರೀ ಉಪ್ಪು, ಬೇರೆ ಗುಣವೇ ಇಲ್ಲ ಎನ್ನಿಸುತ್ತದೆ.

ಗೇಜಿನ ವಿಷಯ ಎತ್ತಿದರೆ ನಮ್ಮವರ ವಿಷಯ ಎತ್ತದೆ ಆಗುವುದಿಲ್ಲ. ನನ್ನ ಗಂಡ ಪ್ರಸಾದ್ ವಿಜಯವಾಡದ ಆಟೋನಗರದಲ್ಲಿ ಮೀಟರು ರಿಪೇರಿಯ ಅಂಗಡಿ ಇಟ್ಟಿದ್ದರು. ಲಾರಿಯ ಏರ್ ಬ್ರೇಕಿನ ಗೇಜು, ಕಂಪ್ರೆಸರಿನ ಗೇಜು, ಬಾಯ್ಲರಿನದು, ಒಟ್ಟಿನಲ್ಲಿ ಮುಳ್ಳು ಇರುವುದೆಲ್ಲ ಅವರ ಮೇಜಿಗೆ ಬರುತ್ತಿತ್ತು. ಕೊಂಡಪಲ್ಲಿಯ ಕಡೆಯ ಸಣ್ಣ ಕಾರ್ಖಾನೆಗಳಿಂದಲೂ ಕರೆಯುತ್ತಿದ್ದರು. ನಾನು ಆ ಊರಿನ ಶಾಖೆಗೆ ವರ್ಗವಾಗಿ ಹೋದ ಹೊಸತರಲ್ಲಿ ನನ್ನ ಸ್ಕೂಟರಿನ ಮೀಟರು ಕೆಟ್ಟಿತು. ಅಂಗಡಿಗೆ ಒಯ್ದರೆ ಈ ಮನುಷ್ಯ, ಗಾಡಿ ಓಡಿಸುವಾಗ ನೀವು ಎಲ್ಲಿ ನೋಡುತ್ತೀರಿ ಎಂದು ಕೇಳಿದರು. ರಸ್ತೆ ನೋಡುತ್ತೇನೆ ಎಂದೆ. ಹಾಗಿದ್ದರೆ ಮೀಟರು ಯಾಕೆ, ಇರಲಿ ಬಿಡಿ ಎಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಿಂದ ಶುರುವಾದದ್ದು ಮದುವೆಗೆ ಬಂದು ನಿಂತಿತು.

ಲಾರಿ ಡ್ರೈವರುಗಳು ಗೇಜಿನ ಗಾಜಿನ ಮೇಲೆಯೇ ದೇವರ ಪಟ ಅಂಟಿಸಿಕೊಂಡು ಬರುತ್ತಿದ್ದರಂತೆ. ಬ್ರೇಕಿನ ಗಾಳಿ ಎಷ್ಟಿದೆ ಎಂದು ಕಾಣುವುದು ಹೇಗೆ? ಇವರು ಪಟವನ್ನು ಹುಷಾರಾಗಿ ಬಿಡಿಸಿ, ಗಾಜಿನಿಂದ ಮೇಲಕ್ಕೆ ಅಂಟಿಸಿ, "ಸ್ವಾಮಿ ರಸ್ತೆ ನೋಡಿಕೊಳ್ಳುತ್ತಾನೆ, ನೀನು ಮೀಟರು ನೋಡಿಕೋ" ಎಂದು ಹೇಳಿ ಕಳಿಸುತ್ತಿದ್ದರು. ನನಗೂ ಪಾಠ ಆಗುತ್ತಿತ್ತು. ಅಂಕಿ ಓದಬೇಡ, ಮುಳ್ಳು ಎಲ್ಲಿ ನಿಂತಿದೆ ನೋಡು, ಗಡಿಯಾರದಲ್ಲಿ ಯಾರಾದರೂ ಅಂಕಿ ಓದುತ್ತಾರೆಯೇ ಎನ್ನುತ್ತಿದ್ದರು.

ನನ್ನ ಮೇಲಿನ ಪ್ರೀತಿಗೆ ಅವರು ಕನ್ನಡ ಕಲಿತಿದ್ದರು. ತೆಲುಗಿನಲ್ಲಿ ಅವಳಿಗೂ ಅದಕ್ಕೂ ಕ್ರಿಯಾಪದ ಒಂದೇ. ಹಾಗಾಗಿ ಅವರ ಕನ್ನಡದಲ್ಲಿ "ವಸು ಬಂತು", "ವಸು ಊಟ ಮಾಡ್ತು". ಹೊಸದುರ್ಗಕ್ಕೆ ಹೋದಾಗ ನಮ್ಮ ಕಡೆಯವರೆಲ್ಲ ಅವರನ್ನು ಕೂರಿಸಿಕೊಂಡು ಬೇಕೆಂದೇ ನನ್ನ ವಿಷಯ ಕೇಳುತ್ತಿದ್ದರು. ವಸು ಎಲ್ಲಿ? ವಸು ಬಾವಿ ಹತ್ತಿರ ಹೋಯ್ತು. ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಅವರೂ ನಗುತ್ತಿದ್ದರು, ಯಾಕೆಂದು ತಿಳಿಯದೆ. ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಇವತ್ತಿಗೂ ಸಂಜೆ ಆಫೀಸಿನಿಂದ ಬಂದು ಬೀಗ ತೆಗೆಯುವಾಗ, ವಸು ಬಂತು ಎಂದು ನಾನೇ ಒಮ್ಮೊಮ್ಮೆ ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ.

ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದವರು ಅಲ್ಲೇ ಕುಸಿದರು. ರಕ್ತದೊತ್ತಡ ಏರಿ ಮೆದುಳಿನಲ್ಲಿ ನಾಳ ಒಡೆದಿತ್ತು. ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಊರಿನ ಪ್ರೆಶರ್ ನೋಡಿದವರು ತಮ್ಮ ಪ್ರೆಶರ್ ನೋಡಿಕೊಳ್ಳಲಿಲ್ಲ. ಹೇಳಿದ ಪ್ರತಿಯೊಬ್ಬರಿಗೂ ಅದು ತಮಗೇ ಮೊದಲು ಹೊಳೆದದ್ದು ಎಂಬ ನಂಬಿಕೆ ಇತ್ತು. ನಾನು ಕಾಫಿ ಕೊಟ್ಟು, ಹೌದು ಎನ್ನುತ್ತಿದ್ದೆ. ಕೊನೆಕೊನೆಗೆ ಅವರು ವಾಕ್ಯ ಮುಗಿಸುವ ಮೊದಲೇ ತಲೆ ಆಡಿಸಿಬಿಡುತ್ತಿದ್ದೆ. ಮಕ್ಕಳಿಲ್ಲ, ನನ್ನನ್ನು ಹಿಡಿದು ನಿಲ್ಲಿಸುವಂಥದೇನೂ ಆ ಊರಿನಲ್ಲಿ ಉಳಿದಿರಲಿಲ್ಲ. ಶಾಖೆಯ ಕಿಟಕಿಯಿಂದ ಲಾರಿಗಳ ಏರ್ ಬ್ರೇಕು ಬುಸ್ಸೆನ್ನುವುದು ಇಡೀ ದಿನ ಕೇಳುತ್ತಿತ್ತು. ವರ್ಗ ಬೇಕೆಂದು ಕೇಳಿಕೊಂಡೆ. ವಿಶಾಖಪಟ್ಟಣ ಸಿಕ್ಕಿತು.

ಈಗ ನನ್ನ ಕಣ್ಣಿನ ವಿಷಯಕ್ಕೆ ಬರುತ್ತೇನೆ. ನನಗೆ ಚಾಳೀಸು ಇದೆ. ದೂರದ ಹಡಗು ಕಾಣುತ್ತದೆ, ಕೈಯಲ್ಲಿರುವ ಪತ್ರಿಕೆ ಕಾಣುವುದಿಲ್ಲ. ಈಜುಕೊಳದ ಪಾಠ ಮುಗಿದು ಸಮುದ್ರಕ್ಕೆ ಇಳಿಯುವ ಹೊತ್ತಿಗೆ, ಸೊಂಟದಿಂದ ಗೇಜು ತೆಗೆಯುವುದು ನನ್ನ ಎಡಗೈಗೆ ಚೆನ್ನಾಗಿ ಗೊತ್ತಾಗಿತ್ತು. ತೆಗೆದು ನೋಡಿದರೆ ಮಂಜು. ಮಾಸ್ಕಿನೊಳಗೆ ಕನ್ನಡಕ ಹಾಕುವ ಹಾಗಿಲ್ಲ. ಸಾಲದ್ದಕ್ಕೆ ನೀರಿನ ಕೆಳಗೆ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ನನಗೋ ಹತ್ತಿರದ್ದೇ ಕಾಣುವುದಿಲ್ಲ. ಅಪ್ಪಲರಾಜು ಬೇರೆ ಶಿಷ್ಯರಿಗೆ ಸೊಂಟ ಒಗ್ಗದಿದ್ದರೆ ಎದೆಗೆ ಏರಿಸುತ್ತಾರೆ. ನಾನೇ ಎದೆಗೆ ಏರಿಸಿಕೊಂಡು ನೋಡಿದರೆ ಗಲ್ಲದ ಕೆಳಗೇ ಬಂದು, ಗೇಜಿದೆ ಎಂಬುದೇ ಕಾಣುತ್ತಿರಲಿಲ್ಲ. ಸೊಂಟವೇ ವಾಸಿ, ಕೊಂಡಿ ಬಿಚ್ಚಿ ತೋಳು ಪೂರ್ತಿ ಚಾಚಿದರೆ ತಿಳಿನೀರಿನಲ್ಲಿ ಅಂಕಿಗಳು ಅಷ್ಟಿಷ್ಟು ಕಾಣುತ್ತಿದ್ದವು. ದೋಣಿಯಲ್ಲಿ ಬಿಟ್ಟ ಕನ್ನಡಕ ನೆನೆಯುತ್ತ, ಔಷಧಿ ಚೀಟಿಯನ್ನು ಬೀದಿದೀಪಕ್ಕೆ ಹಿಡಿದ ಮುದುಕಿಯ ಹಾಗೆ ಸಮುದ್ರದಡಿಯಲ್ಲಿ ಗೇಜು ಹಿಡಿದು ನಿಲ್ಲುತ್ತಿದ್ದೆ.

ಹೀಗೆ ನಿಂತಿದ್ದಾಗಲೇ ಹಾರಿಕಾ ಬಂದಳು. ಕೆಳಗೆ ಯಾರೂ ಒಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರ ಜೋಡಿ. ನನಗೆ ಜೋಡಿಯಾಗಿ ಸಿಕ್ಕವಳು ಅವಳು. ಅನಕಾಪಲ್ಲಿಯ ಹುಡುಗಿ, ಮನೆಯವರದು ಬೆಲ್ಲದ ಮಂಡಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಎಡಗೈಯ ಅಂಗೈಮೇಲೆ ಬಲಗೈಯ ಎರಡು ಬೆರಳಿಟ್ಟು ತೋರಿಸಿದರೆ ಗಾಳಿ ಎಷ್ಟಿದೆ ಎಂದು ಕೇಳಿದ ಹಾಗೆ. ಮೊದಲ ದಿನ ಅವಳು ಹಾಗೆ ಕೇಳಿದಳು. ನಾನು ತೋಳು ಚಾಚಿ, ತಲೆ ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ಹೆಣಗಾಡುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಈಜಿ ಬಂದು, ನನ್ನ ಕೈಯಿಂದ ಗೇಜು ತೆಗೆದುಕೊಂಡು, ಓದಿ, ಬೆರಳು ಎತ್ತಿ ಎಷ್ಟೆಂದು ತೋರಿಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಕಾಯಿಲೆಯವರ ಕೈಕಾಲು ಎತ್ತಿ ಇಳಿಸಿ ಅಭ್ಯಾಸವಾದ ಕೈ. ಮುಜುಗರ ಎಂಬುದೇ ಅದಕ್ಕಿರಲಿಲ್ಲ.

ಅಂದಿನಿಂದ ನನ್ನ ಗೇಜು ಓದುವುದು ಅವಳ ಕೆಲಸವಾಯಿತು. ಬಂಡೆಗಳ ಸಂದಿಯಲ್ಲಿ ಇಬ್ಬರೂ ಹೋಗುತ್ತಿರುವಾಗ ಆಗಾಗ ನನ್ನ ಎಡಪಕ್ಕಕ್ಕೆ ಒಂದು ಕೈ ಬರುತ್ತಿತ್ತು. ಗೇಜು ಸೊಂಟದಿಂದ ಎದ್ದು ಹೋಗಿ, ಮತ್ತೆ ಬಂದು ಕೂರುತ್ತಿತ್ತು. ಕಣ್ಣ ಮುಂದೆ ನೂರಕ್ಕೆ ಒಂದು ಬೆರಳು, ಆಮೇಲೆ ಹತ್ತುಗಳಿಗೆ ನಾಲ್ಕೋ ಮೂರೋ ಬೆರಳು ಕಾಣಿಸುತ್ತಿದ್ದವು. ನನ್ನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಯಾರೋ ಮತ್ತೆಮತ್ತೆ ಬಂದು ನೋಡಿ ಹೋಗುವುದು. ನೀವು ಮನೆತುಂಬ ಜನ ಇಟ್ಟುಕೊಂಡವರಾದರೆ ಇದರಲ್ಲೇನು ದೊಡ್ಡದು ಎನ್ನಬಹುದು.

ಹಾರಿಕಾಳ ಅಮ್ಮನ ಅಮ್ಮ ಬಳ್ಳಾರಿಯವರಂತೆ. ನಾನು ಕನ್ನಡದವಳೆಂದು ತಿಳಿದಾಗ ಅವಳು ಬಹಳ ಸಂಭ್ರಮದಿಂದ ತನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಹೇಳಿ ಒಪ್ಪಿಸಿದಳು. ಕೂತ್ಕೋ, ತಿನ್ನು, ಮುಸುರೆ, ಹಾಳಾಗ್ ಹೋಗ್ಲಿ, ಸುಮ್ನಿರು. ಅಷ್ಟೇ. ಅಜ್ಜಿಯ ಕನ್ನಡದಲ್ಲಿ ಮೊಮ್ಮಗಳಿಗೆ ಉಳಿದದ್ದು ಬಡಿಸುವುದಕ್ಕೂ ಗದರುವುದಕ್ಕೂ ಬೇಕಾದಷ್ಟು. ನನಗಾದರೂ ಕನ್ನಡವೆಂದರೆ ಈಗ ಅಣ್ಣ ಹೊಸದುರ್ಗದಿಂದ ಭಾನುವಾರ ಫೋನು ಮಾಡಿದಾಗ ಮಾತ್ರ. ಮಳೆ ಬಂತಾ, ಊಟ ಆಯ್ತಾ, ವರ್ಗ ಯಾವಾಗ. ಮೂರಕ್ಕೂ ಉತ್ತರ ಕೊಟ್ಟರೆ ಆ ವಾರದ ಕನ್ನಡ ಮುಗಿಯಿತು.

ನಾನು ಹೇಳಬೇಕೆಂದಿದ್ದ ಆ ದಿನ ಸಮುದ್ರ ಸ್ವಲ್ಪ ಕದಡಿತ್ತು. ಹಿಂದಿನ ದಿನ ಗಾಳಿ ಜೋರಿತ್ತು. ಹೋಗುವುದೋ ಬೇಡವೋ ಎಂದು ಅಪ್ಪಲರಾಜು ದೋಣಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದು, ಹೆಚ್ಚು ಆಳ ಬೇಡ, ಒಬ್ಬರಿಂದೊಬ್ಬರು ದೂರ ಹೋಗಬೇಡಿ ಎಂದು ಹೇಳಿ ನಮ್ಮನ್ನು ಇಳಿಸಿದರು. ಕೆಳಗೆ ಎಲ್ಲ ಹಸಿರು. ಚಾಚಿದ ಕೈಯ ಬೆರಳು ಕಾಣುತ್ತಿತ್ತು, ಅದರಾಚೆ ಹೆಚ್ಚೇನೂ ಇಲ್ಲ. ಹಾರಿಕಾ ಮುಂದೆ, ನಾನು ಅವಳ ಕಾಲಿಗೆ ತೊಟ್ಟ ಈಜುರೆಕ್ಕೆಗಳನ್ನು, ಆ ಹಳದಿ ಫಿನ್ನುಗಳನ್ನು ನೋಡುತ್ತ ಹಿಂದೆ. ಒಂದು ಬಂಡೆಯ ಬುಡದಲ್ಲಿ ನಕ್ಷತ್ರಮೀನೊಂದು ತನ್ನ ಒಂದು ತೋಳನ್ನು ಬಂಡೆಯ ಮೇಲೆ ಹಾಕಿಕೊಂಡು ಮಲಗಿತ್ತು. ನಿದ್ದೆಯಲ್ಲಿ ಪಕ್ಕದವರ ಮೇಲೆ ಕೈ ಹಾಕಿದ ಹಾಗೆ. ಅದನ್ನು ನೋಡುತ್ತ ನಿಂತೆ. ಎಷ್ಟು ಹೊತ್ತೆಂದು ಹೇಳಲಾರೆ, ಬಹಳ ಅಲ್ಲ. ತಲೆ ಎತ್ತಿದರೆ ಹಳದಿ ಫಿನ್ನುಗಳಿಲ್ಲ.

ಜೋಡಿ ತಪ್ಪಿದರೆ ಏನು ಮಾಡಬೇಕೆಂದು ಪಾಠ ಆಗಿತ್ತು. ನಿಂತಲ್ಲೇ ಸುತ್ತ ಒಂದು ನಿಮಿಷ ನೋಡಬೇಕು, ಕಾಣದಿದ್ದರೆ ನಿಧಾನವಾಗಿ ಮೇಲೆ ಬರಬೇಕು. ನೋಡಿದೆ. ಎಲ್ಲ ಕಡೆಯೂ ಅದೇ ಹಸಿರು. ಸರಿ, ಮೇಲೆ ಹೋಗುವ ಮೊದಲು ಗಾಳಿ ಎಷ್ಟಿದೆ ನೋಡೋಣವೆಂದು ಎಡಗೈ ಸೊಂಟಕ್ಕೆ ಹೋಯಿತು. ಕೊಂಡಿ ಸಿಕ್ಕಿತು. ಗೇಜು ಸಿಗಲಿಲ್ಲ. ಕೊಂಡಿಗೂ ಗೇಜಿಗೂ ನಡುವೆ ಕಟ್ಟಿದ್ದ ದಾರ ಸವೆದು ಹರಿದಿತ್ತು. ಕೊಳವೆ ಎಲ್ಲೋ ಬೆನ್ನ ಹಿಂದೆ ತೇಲುತ್ತಿತ್ತು. ಅದನ್ನು ಹಿಡಿಯಲು ಎಡಕ್ಕೆ ತಿರುಗಿದೆ. ನಾನು ತಿರುಗಿದಷ್ಟು ಅದೂ ತಿರುಗಿತು. ಬಾಲ ಹಿಡಿಯಲು ಹೊರಟ ನಾಯಿಯ ಹಾಗೆ ಸಮುದ್ರದಡಿಯಲ್ಲಿ ಸುತ್ತುಹಾಕಿದೆ. ಈಗ ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ. ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು ದೊಡ್ಡದಾಗುತ್ತ ಹೋಯಿತು. ಜೋರಾಗಿ ಉಸಿರಾಡಿದಷ್ಟೂ ಗಾಳಿ ಬೇಗ ಮುಗಿಯುತ್ತದೆ ಎಂದು ಗೊತ್ತು, ಗೊತ್ತಿರುವುದರಿಂದಲೇ ಇನ್ನೂ ಜೋರಾಯಿತು.

ನಿಮ್ಮ ಹತ್ತಿರ ಒಂದು ವಿಷಯ ಹೇಳುತ್ತೇನೆ. ಪ್ರಸಾದ್ ಹೋದ ಮೇಲೆ ನಾನು ಬಹಳ ಜನರ ಮುಂದೆ, ನನಗಿನ್ನೇನು ಬೇಕಾಗಿದೆ, ಕರೆ ಬಂದ ದಿನ ಹೋಗುವುದು ಎಂದು ಹೇಳಿಕೊಂಡು ತಿರುಗಿದ್ದೆ. ಸುಳ್ಳಲ್ಲ, ಹಾಗೇ ಅನ್ನಿಸುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಾನೆಲ್ಲಿದ್ದೇನೆ, ಹೇಗಿದ್ದೇನೆ ಎಂದು ಲೋಕದಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದರಿಂದ ನನಗೆ ಒಮ್ಮೆಯೂ ಭಯವಾಗಿರಲಿಲ್ಲ. ಇಲ್ಲೂ ಹಾಗೆಯೇ, ನಾನೆಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲ. ಆದರೆ ಹಾಗೆ ಹೇಳಿಕೊಂಡು ತಿರುಗಿದ್ದ ಹೆಂಗಸಿನ ಎಡಗೈ ಗೇಜಿಗಾಗಿ ತಡಕಾಡುತ್ತಿದ್ದ ರೀತಿ ನೀವು ನೋಡಬೇಕಿತ್ತು. ಏನೂ ಬೇಡವಾದವರ ಕೈ ಹಾಗೆ ಹುಡುಕುವುದಿಲ್ಲ.

ಸುತ್ತುವುದನ್ನು ನಿಲ್ಲಿಸಿ ಬಂಡೆ ಹಿಡಿದುಕೊಂಡೆ. ಗೇಜು ಸಿಗದಿದ್ದರೆ ಅದರ ತುದಿ ಹುಡುಕಬೇಡಿ, ಬುಡ ಹುಡುಕಿ ಎಂದು ಅಪ್ಪಲರಾಜು ಕೊಳದಲ್ಲಿ ಹೇಳಿದ್ದರು. ಕೊಳವೆ ಶುರುವಾಗುವುದು ಕತ್ತಿನ ಹಿಂದೆ, ಸಿಲಿಂಡರಿನ ತಲೆಯಿಂದ. ಕೈ ಹಿಂದಕ್ಕೆ ಎತ್ತಿ, ಜಡೆ ಹುಡುಕುವವಳ ಹಾಗೆ ತಡವಿ ಕೊಳವೆಯ ಬುಡ ಹಿಡಿದೆ. ಅಲ್ಲಿಂದ ಜಾರಿಸುತ್ತ, ಜಾರಿಸುತ್ತ ಬಂದರೆ ತುದಿಯಲ್ಲಿ ಆ ದುಂಡನೆಯ ಡಬ್ಬಿ ಕೈಗೆ ಬಂತು. ಕಣ್ಣ ಮುಂದೆ ಹಿಡಿದೆ. ಹತ್ತಿರ ಹಿಡಿದರೆ ಮಂಜು, ದೂರ ಹಿಡಿದರೆ ಕದಡಿದ ನೀರು. ಒಂದು ಅಂಕಿಯೂ ಕಾಣಲಿಲ್ಲ. ಆಗ ಅಂಕಿಯ ಆಸೆ ಬಿಟ್ಟು ಮುಳ್ಳನ್ನು ಮಾತ್ರ ನೋಡಿದೆ. ಮಸುಕು ಮಸುಕಾಗಿ, ಖಾಲಿಯ ಎಡತುದಿಗೂ ಭರ್ತಿಯ ಬಲತುದಿಗೂ ನಡುವೆ, ಗಡಿಯಾರದ ಹನ್ನೆರಡರ ಕಡೆ ನೆಟ್ಟಗೆ ನಿಂತಿತ್ತು. ಅರ್ಧ. ಇನ್ನೂ ಅರ್ಧ ಇದೆ.

ಆಮೇಲೆ ಅವಸರ ಮಾಡಲಿಲ್ಲ. ನಾನು ಬಿಟ್ಟ ಗುಳ್ಳೆಗಳು ನನಗಿಂತ ಮೊದಲು ಮೇಲೆ ಹೋಗಲಿ ಎಂದು ದಾರಿ ಬಿಡುತ್ತ, ಗೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಧಾನವಾಗಿ ಮೇಲೆ ಬಂದೆ. ಹಸಿರು ತಿಳಿಯಾಗಿ, ಬೆಳ್ಳಗಾಗಿ, ತಲೆ ಹೊರಗೆ ಬಂದಾಗ ಬಿಸಿಲು ಮುಖಕ್ಕೆ ಬಡಿಯಿತು.

ಹಾರಿಕಾ ಆಗಲೇ ಮೇಲೆ ಬಂದಿದ್ದಳು. ಸ್ವಲ್ಪ ದೂರದಲ್ಲಿ ನೀರಿನ ಮೇಲೆ ಸುತ್ತ ತಿರುಗಿ ತಿರುಗಿ ನೋಡುತ್ತಿದ್ದಳು. ನನ್ನನ್ನು ಕಂಡವಳೇ ಈಜಿ ಬಂದು ನನ್ನ ಭುಜದ ಪಟ್ಟಿ ಹಿಡಿದುಕೊಂಡಳು. ನಾನು ಬಾಯಿಂದ ನಳಿಕೆ ತೆಗೆದು ತೆಲುಗಿನಲ್ಲಿ ಶುರುಮಾಡಿದೆ. ನಕ್ಷತ್ರಮೀನು ನೋಡುತ್ತ ನಿಂತೆ, ತಪ್ಪು ನನ್ನದೇ, ದಾರ ಹರಿದಿತ್ತು, ಆದರೆ ಗಾಳಿ ಬೇಕಾದಷ್ಟಿತ್ತು, ನೀನು ಗಾಬರಿಯಾಗಬೇಡ, ಎಂದೆಲ್ಲ. ಮೇಲೆ ಬಂದ ಖುಷಿಗೋ ಏನೋ ಮಾತು ನಿಲ್ಲುತ್ತಲೇ ಇರಲಿಲ್ಲ.

"ಸುಮ್ನಿರು" ಎಂದಳು ಹಾರಿಕಾ.

ಕನ್ನಡದಲ್ಲಿ ನನ್ನನ್ನು ಯಾರಾದರೂ ಹಾಗೆ ಗದರಿ ಎಷ್ಟು ವರ್ಷವಾಗಿತ್ತೋ. ಸುಮ್ಮನಾದೆ. ದೋಣಿ ಬರುವವರೆಗೂ ಅವಳು ಪಟ್ಟಿ ಬಿಡಲಿಲ್ಲ. ದೋಣಿಗೆ ಹತ್ತಿದ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದಳು.

ಅಪ್ಪಲರಾಜು ಹರಿದ ದಾರವನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದರು. ಇದನ್ನು ಇಳಿಯುವ ಮೊದಲು ನಾನು ನೋಡಬೇಕಿತ್ತು ಎಂದರು. ಇಂಥ ಮಾತನ್ನು ಅವರಿಂದ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ದೋಣಿ ತೀರ ಮುಟ್ಟುವವರೆಗೆ ನನ್ನ ಗೇಜು ಎಲ್ಲಿರಬೇಕೆಂದು ಚರ್ಚೆ ನಡೆಯಿತು. ಎದೆಯಲ್ಲಿದ್ದರೆ ಹರಿದರೂ ಕಣ್ಣ ಮುಂದೆಯೇ ಇರುತ್ತಿತ್ತು ಎಂದು ಹಾರಿಕಾ. ಅಲ್ಲಿದ್ದರೆ ಈಯಮ್ಮನಿಗೆ ಕಾಣುವುದಿಲ್ಲವಲ್ಲ ಎಂದು ಅಪ್ಪಲರಾಜು. ನನ್ನ ಮೈಯ ವಿಷಯವನ್ನು ಇಬ್ಬರು ನನ್ನ ಮುಂದೆಯೇ ಅಷ್ಟು ಕಾಳಜಿಯಿಂದ ವಾದಿಸುತ್ತಿರುವಾಗ ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಟವೆಲ್ ಹೊದ್ದುಕೊಂಡು ಕೇಳುತ್ತ ಕೂತೆ.

ಕೊನೆಗೆ ಅಪ್ಪಲರಾಜು ಚೆನ್ನೈಯಿಂದ ನನಗೊಂದು ಮಾಸ್ಕ್ ತರಿಸಿದರು. ಅದರ ಗಾಜಿನ ಕೆಳಗಿನ ಅರ್ಧಕ್ಕೆ ಚಾಳೀಸಿನ ಕನ್ನಡಕದ್ದೇ ಗಾಜು ಕೂರಿಸಿರುತ್ತಾರೆ. ಮೇಲಿಂದ ನೋಡಿದರೆ ಸಮುದ್ರ, ಕೆಳಗಿಂದ ನೋಡಿದರೆ ಗೇಜು. ಇಂಥದೊಂದು ಇದೆಯೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಯಾವಾಗ, ಅಂದು ದೋಣಿಯಲ್ಲಿ ಹಾರಿಕಾ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು ಎಂದರು. ಅದೂ ನಿಜವೇ. ಹೊಸ ದಾರ, ಹೊಸ ಕೊಂಡಿ. ಜಾಗ ಮಾತ್ರ ಎಡಸೊಂಟವೇ ಇರಲಿ ಎಂದೆ, ಕೈಗೆ ಅಷ್ಟು ಕಷ್ಟಪಟ್ಟು ಕಲಿಸಿದ್ದೇನಲ್ಲ.

ಆ ಮಾಸ್ಕ್ ಹಾಕಿಕೊಂಡು ನಾನು ಸಮುದ್ರಕ್ಕಿಳಿದ ದಿನ ಹಾರಿಕಾಗೆ ವಿಶಾಖಪಟ್ಟಣದಲ್ಲಿ ಕೊನೆಯ ಭಾನುವಾರ. ಅವಳಿಗೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮನೆ ಖಾಲಿ ಮಾಡಿ, ಸಾಮಾನು ಅನಕಾಪಲ್ಲಿಗೆ ಕಳಿಸಿ ಆಗಿತ್ತು. ದೋಣಿಯಲ್ಲಿ ಬಿಡುವಿಲ್ಲದೆ ಆ ಊರಿನ ಬಾಡಿಗೆ, ಟ್ರಾಫಿಕ್ಕು, ಅಲ್ಲಿ ಸಮುದ್ರ ಇಲ್ಲದಿರುವುದು ಎಂದೆಲ್ಲ ಮಾತಾಡುತ್ತಿದ್ದಳು. ಹೊಸ ಮಾಸ್ಕಿನ ವಿಷಯ ಹೇಳಬೇಕೆಂದುಕೊಂಡೆ, ಮಾತಿನ ನಡುವೆ ಸಂದು ಸಿಗಲಿಲ್ಲ.

ನೀರು ಅಂದು ಬಹಳ ತಿಳಿಯಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ನಾನಾಗಿಯೇ ಗೇಜು ತೆಗೆದು ಮಾಸ್ಕಿನ ಕೆಳಗಿನ ಗಾಜಿನಿಂದ ನೋಡಿದೆ. ಅಂಕಿಗಳು ಒಂದೊಂದೂ ಮುದ್ರಿಸಿದ ಹಾಗೆ ಸ್ಪಷ್ಟ. ನೂರಾ ನಲವತ್ತು ಎಂದು ಮನಸ್ಸಿನಲ್ಲಿ ಕನ್ನಡದಲ್ಲಿ ಓದಿಕೊಂಡೆ. ಇನ್ನು ಯಾರ ಸಹಾಯವೂ ಬೇಡ ಎಂದು ಸಂತೋಷಪಡಬೇಕಾದ ಜಾಗ ಅದು. ಗೇಜನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಸುಮ್ಮನೆ ಈಜಿದೆ.

ಅಷ್ಟರಲ್ಲಿ ಹಾರಿಕಾ ತಿರುಗಿ, ಅಂಗೈಮೇಲೆ ಎರಡು ಬೆರಳಿಟ್ಟು ಕೇಳಿದಳು. ನಾನು ಉತ್ತರ ಹೇಳಬಹುದಿತ್ತು. ಹೇಳಲಿಲ್ಲ, ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟೆ. ಅವಳು ಹತ್ತಿರ ಬಂದು, ಕೊಂಡಿ ಬಿಚ್ಚಿ, ಗೇಜನ್ನು ಮುಖದ ಹತ್ತಿರ ಹಿಡಿದು ಎಂದಿನ ಹಾಗೆ ಗಮನವಿಟ್ಟು ಓದಿದಳು. ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು. ನನಗೆ ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ತೋರಿಸಿದಳು.

ನಾನು ಆಗಷ್ಟೇ ತಿಳಿದವಳ ಹಾಗೆ ತಲೆಯಾಡಿಸಿದೆ.